ನೆಲ್ಲಿಕಾಯಿಯ ಗುಟ್ಟು

(ನಮ್ಮ ಕನ್ನಡ ಸಂಘದ ಸಂಸ್ಥಾಪನಾ ದಿನಾಚರಣೆಯಂದು ಜುಬೈಲಿನಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಸಂಘದ ಹುಟ್ಟುಹಬ್ಬದ ದಿನ ಹಾಡು, ಕುಣಿತ, ಯಕ್ಷಗಾನಗಳ ನಡುವೆ ರಸಾಯನಶಾಸ್ತ್ರದ ಭಾಷಣ ಬೇಕೇ ಎಂದು ನಾನೇ ಕಾರ್ಯದರ್ಶಿಗಳನ್ನು ಕೇಳಿದೆ. "ಅರ್ಧ ಗಂಟೆ ಮಾತ್ರ, ಸೂತ್ರಗಳನ್ನು ಬರೆಯಕೂಡದು" ಎಂಬ ಕರಾರಿನ ಮೇಲೆ ಅವರು ಒಪ್ಪಿದರು. ನಾನು ವೈದ್ಯನಲ್ಲ, ಆಯುರ್ವೇದ ಪಂಡಿತನೂ ಅಲ್ಲ. ಸೀಸೆಯೊಳಗೆ ಏನಿದೆ, ಎಷ್ಟಿದೆ ಎಂದು ಪರೀಕ್ಷಿಸಿ ಹೇಳುವುದು ನನ್ನ ಹೊಟ್ಟೆಪಾಡು. ಆ ಅನುಭವದ ಮಿತಿಯೊಳಗೇ ನಾಲ್ಕು ಮಾತು ಹೇಳುತ್ತೇನೆ.

ರಜೆ ಮುಗಿಸಿ ಊರಿನಿಂದ ಮರಳುವ ನಮ್ಮವರ ಸೂಟ್‌ಕೇಸ್ ತೆರೆದರೆ ಬಟ್ಟೆಗಿಂತ ಡಬ್ಬಿಗಳೇ ಹೆಚ್ಚು. ನೆಲ್ಲಿಕಾಯಿ ಪುಡಿ, ನೆರಳಿನಲ್ಲಿ ಒಣಗಿಸಿದ ಒಂದೆಲಗ, ಪುನರ್ಪುಳಿಯ ಸಿಪ್ಪೆ, ಅಮ್ಮ ಕಟ್ಟಿಕೊಟ್ಟ ಕಷಾಯದ ಪುಡಿ, ಅರಿಶಿನ. ಈಚೆಗೆ ಅವುಗಳ ಜೊತೆಗೆ ಬಣ್ಣಬಣ್ಣದ ಚೀಟಿ ಅಂಟಿಸಿದ ಡಬ್ಬಿಗಳೂ ಸೇರಿವೆ. ಆ ಚೀಟಿಗಳ ಮೇಲೆಲ್ಲ ಒಂದೇ ಪದ: ಆಂಟಿಆಕ್ಸಿಡೆಂಟ್. ಕನ್ನಡದ ವಿಜ್ಞಾನ ಪುಸ್ತಕಗಳಲ್ಲಿ ಇದನ್ನು ಉತ್ಕರ್ಷಣ ನಿರೋಧಕ ಎನ್ನುತ್ತಾರೆ.

ಕೆಲವು ವರ್ಷಗಳ ಹಿಂದೆ ನಮ್ಮ ಕಟ್ಟಡದಲ್ಲೇ ಇದ್ದ ಊರಿನ ಹಿರಿಯರೊಬ್ಬರಿಗೆ ಇಂಥದೊಂದು ಡಬ್ಬಿ ಬಂತು. ಅವರಿಗೆ ಬಹುಕಾಲದಿಂದ ಸಕ್ಕರೆ ಕಾಯಿಲೆ, ಮಾತ್ರೆ ನಡೆಯುತ್ತಿತ್ತು. ಶುದ್ಧ ಗಿಡಮೂಲಿಕೆ, ಆಂಟಿಆಕ್ಸಿಡೆಂಟ್‌ಗಳ ಆಗರ, ಅಡ್ಡ ಪರಿಣಾಮವೇ ಇಲ್ಲ ಎಂದು ಯಾರೋ ಹೇಳಿದರೆಂದು, ಮಾತ್ರೆಯ ಜೊತೆಗೆ ದಿನಕ್ಕೆ ಎರಡು ಚಮಚ ಆ ಪುಡಿಯನ್ನೂ ತೆಗೆದುಕೊಳ್ಳತೊಡಗಿದರು. ಒಂದು ದಿನ ಬೆಳಗಿನ ಜಾವ ಅವರ ಮಗ ನಮ್ಮ ಬಾಗಿಲು ತಟ್ಟಿದ. ಹೋಗಿ ನೋಡಿದರೆ ಅವರು ಬೆವರಿನಿಂದ ತೊಯ್ದುಹೋಗಿದ್ದರು, ಕರೆದರೆ ಓಗೊಡುತ್ತಿರಲಿಲ್ಲ. ನನ್ನ ಕಾರಿನಲ್ಲೇ ಆಸ್ಪತ್ರೆಗೆ ಒಯ್ದೆವು. ರಕ್ತದಲ್ಲಿ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದಿತ್ತು. ಗ್ಲೂಕೋಸ್ ಕೊಟ್ಟ ಮೇಲೆ ಕಣ್ಣುಬಿಟ್ಟರು. ಕರ್ತವ್ಯದಲ್ಲಿದ್ದ ಡಾಕ್ಟರು ಆ ಡಬ್ಬಿಯನ್ನು ನನ್ನ ಕೈಯಲ್ಲಿಟ್ಟು, "ನೀವು ಕೆಮಿಸ್ಟ್ ಅಲ್ಲವೇ? ಇದರಲ್ಲಿ ಏನಿದೆ?" ಎಂದು ಕೇಳಿದರು. ಡಬ್ಬಿಯ ಮೇಲೆ ಒಂದು ಗಿಡದ ಹೆಸರೂ ಇರಲಿಲ್ಲ. ನಾನು ಸುಮ್ಮನೆ ನಿಂತೆ. ಮರುದಿನ ಕೇಳುವಷ್ಟರಲ್ಲಿ ಮನೆಯವರು ಹೆದರಿ ಅದನ್ನು ಕಸಕ್ಕೆ ಎಸೆದಿದ್ದರು. ಅದರಲ್ಲಿ ಏನಿತ್ತೆಂದು ಇಂದಿಗೂ ನನಗೆ ಗೊತ್ತಿಲ್ಲ.

ಅಂದಿನಿಂದ ಯಾವ ಮೂಲಿಕೆಯನ್ನು ಕಂಡರೂ ಮೂರು ಪ್ರಶ್ನೆ ಕೇಳುವ ಅಭ್ಯಾಸ ನನಗೆ ಬಂದಿದೆ. ಇದರಲ್ಲಿ ಏನಿದೆ? ಎಷ್ಟಿದೆ? ಅದರಲ್ಲಿ ದೇಹಕ್ಕೆ ಸೇರುವುದೆಷ್ಟು, ಸೇರಿ ಮಾಡುವುದೇನು? ಈ ಮೂರೂ ಬೇರೆ ಬೇರೆ ಪ್ರಶ್ನೆಗಳು. ಒಂದಕ್ಕೆ ಸಿಕ್ಕ ಉತ್ತರವನ್ನು ಇನ್ನೊಂದಕ್ಕೂ ಅನ್ವಯಿಸಿಬಿಡುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ.

ಮೊದಲು, ಉತ್ಕರ್ಷಣ ಎಂದರೇನು? ನಮ್ಮ ತಾಯಂದಿರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹೆಚ್ಚಿದ ಬಾಳೆದಿಂಡನ್ನು ಮಜ್ಜಿಗೆ ನೀರಿನಲ್ಲಿ ಹಾಕದಿದ್ದರೆ ಕಪ್ಪಾಗುತ್ತದೆ. ತುಪ್ಪವನ್ನು ಬಹಳ ದಿನ ಇಟ್ಟರೆ ಕಮಟು ವಾಸನೆ ಬರುತ್ತದೆ. ಎರಡೂ ಗಾಳಿಯಲ್ಲಿರುವ ಆಮ್ಲಜನಕದ ಕೆಲಸ. ಕೊಬ್ಬಿನ ಒಂದು ಅಣುವಿನಿಂದ ಎಲೆಕ್ಟ್ರಾನ್ ಕಿತ್ತುಹೋದರೆ ಅದು ಪಕ್ಕದ ಅಣುವಿನಿಂದ ಕಸಿಯುತ್ತದೆ, ಅದು ಅದರ ಪಕ್ಕದ್ದರಿಂದ. ಹೀಗೆ ಕಸಿಯುತ್ತ ತಿರುಗುವ ಅಣುಗಳಿಗೆ ಫ್ರೀ ರ‍್ಯಾಡಿಕಲ್‌ಗಳೆಂದು ಹೆಸರು. ತನ್ನ ಎಲೆಕ್ಟ್ರಾನನ್ನು ಬಿಟ್ಟುಕೊಟ್ಟು ಈ ಸರಪಳಿಯನ್ನು ಅಲ್ಲಿಗೇ ನಿಲ್ಲಿಸುವ ವಸ್ತುವೇ ಉತ್ಕರ್ಷಣ ನಿರೋಧಕ.

ಬೆಣ್ಣೆ ಕಾಯಿಸುವಾಗ ಕೊನೆಯಲ್ಲಿ ಒಂದು ವೀಳ್ಯದೆಲೆಯನ್ನೋ, ನಾಲ್ಕು ಎಲೆ ಕರಿಬೇವನ್ನೋ, ನುಗ್ಗೆ ಸೊಪ್ಪನ್ನೋ ಹಾಕುವ ಪದ್ಧತಿ ನಮ್ಮಲ್ಲಿದೆ. ಘಮಕ್ಕಾಗಿ ಎಂದುಕೊಂಡಿದ್ದೆವು. 1979ರಲ್ಲಿ ಪಟೇಲ್ ಮತ್ತು ರಾಜೋರಿಯಾ ಎಂಬ ವಿಜ್ಞಾನಿಗಳು ವೀಳ್ಯದೆಲೆ ಮತ್ತು ಕರಿಬೇವು ತುಪ್ಪದಲ್ಲಿ ಉತ್ಕರ್ಷಣ ನಿರೋಧಕಗಳಾಗಿ ವರ್ತಿಸುವುದನ್ನು ಕುರಿತು ಪ್ರಬಂಧ ಪ್ರಕಟಿಸಿದರು. ವೀಳ್ಯದೆಲೆಯಲ್ಲಿ ಹೈಡ್ರಾಕ್ಸಿಚವಿಕಾಲ್, ಯೂಜೆನಾಲ್ ಮುಂತಾದ ಫೀನಾಲ್ ಜಾತಿಯ ವಸ್ತುಗಳಿವೆ; ಕಮಟು ಹಿಡಿಯುವುದನ್ನು ತಡೆಯುವುದು ಇಂಥವೇ. ಅಜ್ಜಿಯ ಅನುಭವವನ್ನು ಪ್ರಯೋಗಾಲಯ ಒಪ್ಪಿಕೊಂಡದ್ದಕ್ಕೆ ಇದು ಒಳ್ಳೆಯ ಉದಾಹರಣೆ. ಆದರೆ ಅಜ್ಜಿ ಹೇಳಿದ್ದು ತುಪ್ಪ ಕೆಡುವುದಿಲ್ಲ ಎಂದಷ್ಟೇ ಎಂಬುದನ್ನು ನೆನಪಿಡಿ. ವೀಳ್ಯದೆಲೆ ಹಾಕಿದ ತುಪ್ಪ ತಿಂದರೆ ಮುಪ್ಪೇ ಬರುವುದಿಲ್ಲ ಎಂದು ಆಕೆ ಎಂದೂ ಹೇಳಲಿಲ್ಲ.

ಈಗ ಒಂದು ಗಿಡದಲ್ಲಿ ಇಂಥ ವಸ್ತು ಯಾವುದಿದೆ ಎಂದು ಪತ್ತೆ ಮಾಡುವುದು ಹೇಗೆ ಎಂಬುದಕ್ಕೆ ಬರೋಣ. ಮೊದಲ ಕೆಲಸ ಗಿಡವನ್ನೇ ಗುರುತಿಸುವುದು. ಇದು ಸುಲಭವೆಂದು ತೋರುತ್ತದೆ, ಸುಲಭವಲ್ಲ. ಬ್ರಾಹ್ಮಿ ಎಂದರೆ ಯಾವುದು? ಘಟ್ಟದ ಮೇಲಿನವರು ಒಂದೆಲಗ ಎನ್ನುತ್ತಾರೆ, ನಮ್ಮ ತುಳುನಾಡಿನವರು ತಿಮರೆ ಎನ್ನುತ್ತಾರೆ. ಅದರ ಚಟ್ನಿ, ತಂಬುಳಿ ನಮಗೆಲ್ಲ ಗೊತ್ತು. ಆದರೆ ನೀರಿನ ಆಸರೆಯಲ್ಲಿ ಬೆಳೆಯುವ ನೀರುಬ್ರಾಹ್ಮಿ ಬೇರೆಯೇ ಗಿಡ. ಅಂಗಡಿಯಲ್ಲಿ ಎರಡಕ್ಕೂ ಬ್ರಾಹ್ಮಿ ಎಂದೇ ಹೆಸರು. ಒಂದೆಲಗದ ಮುಖ್ಯ ವಸ್ತು ಏಷಿಯಾಟಿಕೊಸೈಡ್, ನೀರುಬ್ರಾಹ್ಮಿಯದು ಬ್ಯಾಕೊಸೈಡ್‌ಗಳು. ಎಲೆ ಒಣಗಿ ಪುಡಿಯಾದ ಮೇಲೆ ಕಣ್ಣಿಗೆ ಎರಡೂ ಒಂದೇ ಹಸಿರು. ರಾಸಾಯನಿಕ ವಿಶ್ಲೇಷಣೆಯೇ ಹೇಳಬೇಕು. ಆದ್ದರಿಂದ ಸಂಶೋಧಕರು ಹೂವು, ಎಲೆ, ಕಾಯಿ ಸಮೇತ ಗಿಡದ ಒಂದು ಮಾದರಿಯನ್ನು ಒತ್ತಿ ಒಣಗಿಸಿ, ಸಸ್ಯಶಾಸ್ತ್ರಜ್ಞರಿಂದ ಗುರುತು ಹಿಡಿಸಿ, ಸಂಗ್ರಹಾಲಯದಲ್ಲಿ ಇಟ್ಟ ನಂತರವೇ ಮುಂದಿನ ಕೆಲಸಕ್ಕೆ ಹೋಗುತ್ತಾರೆ.

ಎರಡನೆಯದು ಸಾರ ತೆಗೆಯುವುದು. ನಾವು ಕಷಾಯ ಕುದಿಸುವುದೂ ಇದನ್ನೇ. ನೀರಿನಲ್ಲಿ ಕರಗುವುದು ನೀರಿಗೆ ಬರುತ್ತದೆ, ಕರಗದ್ದು ಚರಟದಲ್ಲಿ ಉಳಿಯುತ್ತದೆ. ಪ್ರಯೋಗಾಲಯದಲ್ಲಿ ನೀರಿನ ಜೊತೆಗೆ ಮೆಥನಾಲ್, ಹೆಕ್ಸೇನ್ ಮೊದಲಾದ ದ್ರಾವಕಗಳನ್ನೂ ಬಳಸುತ್ತಾರೆ. ಹಾಗಾಗಿ ಮೆಥನಾಲಿನ ಸಾರದಲ್ಲಿ ಕಂಡದ್ದು ನಿಮ್ಮ ಲೋಟದ ಕಷಾಯದಲ್ಲೂ ಇರುತ್ತದೆಂದು ಹೇಳಲಾಗುವುದಿಲ್ಲ.

ಮೂರನೆಯದು ಬಣ್ಣದ ಪರೀಕ್ಷೆ. ಡಿ.ಪಿ.ಪಿ.ಎಚ್. ಎಂಬ ಒಂದು ರಾಸಾಯನಿಕವಿದೆ. ಅದರ ದ್ರಾವಣ ನೇರಳೆ ಹಣ್ಣಿನಂತೆ ಕಡು ನೇರಳೆ. ಎಲೆಕ್ಟ್ರಾನಿಗಾಗಿ ಹಸಿದಿರುವ ಈ ವಸ್ತುವಿಗೆ ಉತ್ಕರ್ಷಣ ನಿರೋಧಕ ಸಿಕ್ಕಿದರೆ ಬಣ್ಣ ಇಳಿದು ಹಳದಿಯಾಗುತ್ತದೆ. 1958ರಲ್ಲಿ ಬ್ಲಾಯ್ಸ್ ಎಂಬ ವಿಜ್ಞಾನಿ ಸೂಚಿಸಿದ ಈ ಪರೀಕ್ಷೆ ಅಗ್ಗವಾದದ್ದು, ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಅದಕ್ಕೇ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಲೆಕ್ಕವಿಲ್ಲದಷ್ಟು ಗಿಡಗಳ ಮೇಲೆ ಇದು ನಡೆದಿದೆ. ಆದರೆ ನಾವು ಈಗ ಕುಡಿದ ಚಹಾವನ್ನು ಹಾಕಿದರೂ ಬಣ್ಣ ಇಳಿಯುತ್ತದೆ, ಕಾಫಿ ಹಾಕಿದರೂ ಇಳಿಯುತ್ತದೆ. ಒಳಗೆ ಯಾರೋ ಇದ್ದಾರೆ ಎಂದು ಇದು ಹೇಳುತ್ತದೆ; ಯಾರು ಎಂದು ಹೇಳುವುದಿಲ್ಲ.

ಯಾರು ಎಂದು ಹೇಳುವುದೇ ನಾಲ್ಕನೆಯ ಹಾಗೂ ಕಷ್ಟದ ಕೆಲಸ. ಇದಕ್ಕೆ ದಾರಿ ತೋರಿದವನು ರಷ್ಯಾದ ಸಸ್ಯವಿಜ್ಞಾನಿ ಮಿಖಾಯಿಲ್ ಸ್ವೆಟ್. 1903ರ ಸುಮಾರಿಗೆ ಆತ ಎಲೆಯ ಹಸಿರು ರಸವನ್ನು ಸೀಮೆಸುಣ್ಣದಂಥ ಪುಡಿ ತುಂಬಿದ ಗಾಜಿನ ಕೊಳವೆಯ ಮೂಲಕ ಇಳಿಸಿದಾಗ ಹಸಿರು, ಹಳದಿ ಪಟ್ಟಿಗಳು ಬೇರೆ ಬೇರೆಯಾಗಿ ನಿಂತವು. ಇದೇ ಕ್ರೊಮಾಟೋಗ್ರಫಿ. ಮಕ್ಕಳೇ, ನೀವೂ ಮಾಡಿ ನೋಡಬಹುದು. ಕಾಫಿ ಸೋಸುವ ಕಾಗದದ ಒಂದು ಪಟ್ಟಿಯ ಮೇಲೆ ಕಪ್ಪು ಸ್ಕೆಚ್ ಪೆನ್ನಿನಿಂದ ಚುಕ್ಕೆ ಇಟ್ಟು, ಚುಕ್ಕೆ ಮುಳುಗದಂತೆ ತುದಿಯನ್ನು ಮಾತ್ರ ನೀರಿಗೆ ಅದ್ದಿ. ನೀರು ಮೇಲೇರಿದಂತೆ ಕಪ್ಪಿನೊಳಗಿಂದ ನೀಲಿ, ಕೆಂಪು, ಹಳದಿ ಬಿಡಿಬಿಡಿಯಾಗಿ ಹೊರಬರುತ್ತವೆ.

ಇಂದಿನ ಎಚ್.ಪಿ.ಎಲ್.ಸಿ. ಯಂತ್ರ ಇದರ ಮರಿಮಗ. ನಮ್ಮೂರ ಸಂತೆಯನ್ನು ನೆನೆಸಿಕೊಳ್ಳಿ. ಒಂದು ತುದಿಯಿಂದ ನೂರು ಜನ ಒಟ್ಟಿಗೆ ಒಳಹೊಕ್ಕರೆ, ಕೊಳ್ಳುವ ಆಸೆಯಿಲ್ಲದವರು ಸರಸರನೆ ಆಚೆ ತುದಿಗೆ ಬಂದುಬಿಡುತ್ತಾರೆ. ಪ್ರತಿ ಅಂಗಡಿಯ ಮುಂದೆ ನಿಂತು ಚೌಕಾಸಿ ಮಾಡುವವರು ತಡವಾಗಿ ಬರುತ್ತಾರೆ. ಹಾಗೆಯೇ ಸಾರದಲ್ಲಿರುವ ಒಂದೊಂದು ವಸ್ತುವೂ ತನ್ನ ತನ್ನ ಹೊತ್ತಿಗೆ ಹೊರಬಂದು ಕಾಗದದ ಮೇಲೆ ಒಂದೊಂದು ಶಿಖರವನ್ನು ಮೂಡಿಸುತ್ತದೆ. ಶಿಖರ ಎಷ್ಟು ದೊಡ್ಡದೋ ವಸ್ತು ಅಷ್ಟು ಹೆಚ್ಚು. ಆದರೆ ಇಬ್ಬರು ಬೇರೆ ಬೇರೆ ವ್ಯಕ್ತಿಗಳು ಒಂದೇ ಹೊತ್ತಿಗೆ ಸಂತೆಯಿಂದ ಹೊರಬಂದರೆ? ಎರಡೂ ಸೇರಿ ಒಂದೇ ಶಿಖರವಾಗಿ ಕಾಣುತ್ತದೆ. ಈ ಸಣ್ಣ ಸಂಗತಿಯಲ್ಲೇ ನೆಲ್ಲಿಕಾಯಿಯ ಗುಟ್ಟು ಅಡಗಿದೆ.

ನೆಲ್ಲಿಕಾಯಿ ವಿಟಮಿನ್ ಸಿ ಯ ಗಣಿ, ಒಂದು ನೆಲ್ಲಿಕಾಯಿ ಇಷ್ಟು ಕಿತ್ತಳೆಗೆ ಸಮ ಎಂದು ನಾವೆಲ್ಲ ಕೇಳುತ್ತ ಬೆಳೆದವರು. 1940ರ ಹಿಸ್ಸಾರ್ ಬರಗಾಲದಲ್ಲಿ ಸ್ಕರ್ವಿ ರೋಗಕ್ಕೆ ನೆಲ್ಲಿಕಾಯಿ ಕೊಟ್ಟು ಗುಣ ಕಂಡದ್ದೂ ದಾಖಲಾಗಿದೆ. ಸ್ಕರ್ವಿ ಬರುವುದೇ ವಿಟಮಿನ್ ಸಿ ಯ ಕೊರತೆಯಿಂದ. ಆದ್ದರಿಂದ ಅದು ಕಾಯಿಯಲ್ಲಿ ಇದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಒಂದು ಒಗಟಿತ್ತು. ವಿಟಮಿನ್ ಸಿ ಬಹಳ ನಾಜೂಕಿನದು; ಬೇಯಿಸಿದರೆ, ಒಣಗಿಸಿದರೆ ಬೇಗ ಹಾಳಾಗುತ್ತದೆ. ಒಣಗಿಸಿ ಡಬ್ಬಿಯಲ್ಲಿಟ್ಟ ನೆಲ್ಲಿಕಾಯಿಯಲ್ಲಿ ಮಾತ್ರ ಅದು ಉಳಿಯುವುದು ಹೇಗೆ? 1936ರಲ್ಲಿ ದಾಮೋದರನ್ ಮತ್ತು ನಾಯರ್ ಎಂಬ ವಿಜ್ಞಾನಿಗಳು ಇದಕ್ಕೊಂದು ಉತ್ತರ ಕೊಟ್ಟರು. ಕಾಯಿಯಲ್ಲಿರುವ ಒಂದು ಟ್ಯಾನಿನ್, ಅಂದರೆ ನಮ್ಮ ನಾಲಿಗೆಗೆ ಒಗರಾಗಿ ತೋರುವ ಜಾತಿಯ ವಸ್ತು, ವಿಟಮಿನ್ ಸಿ ಯನ್ನು ಕಾಪಾಡುತ್ತದೆ ಎಂದರು.

ಅರವತ್ತು ವರ್ಷಗಳ ನಂತರ, 1996ರಲ್ಲಿ, ಘೋಸಾಲ್ ಮತ್ತು ಸಂಗಡಿಗರು ಕಾಯಿಯಿಂದ ಎಂಬ್ಲಿಕಾನಿನ್ ಎ ಮತ್ತು ಬಿ ಎಂಬ ಎರಡು ಟ್ಯಾನಿನ್‌ಗಳನ್ನು ಬೇರ್ಪಡಿಸಿದ್ದಾಗಿ ವರದಿ ಮಾಡಿದರು. ನೆಲ್ಲಿಕಾಯಿಯ ಉತ್ಕರ್ಷಣ ನಿರೋಧಕ ಗುಣಕ್ಕೆ ಇವೇ ಮುಖ್ಯ ಕಾರಣವೆಂಬ ಅಭಿಪ್ರಾಯ ಬೆಳೆಯಿತು. ಮಾರುಕಟ್ಟೆಯ ಪುಡಿಗಳ ಚೀಟಿಗಳ ಮೇಲೂ ಆ ಹೆಸರು ಏರಿತು. 2006ರಲ್ಲಿ ಸ್ಕಾರ್ಟೆಜ್ಜೀನಿ ಮತ್ತು ಸಂಗಡಿಗರು ಅಳೆದು ನೋಡಿ, ನೆಲ್ಲಿಕಾಯಿಯ ಈ ಗುಣದಲ್ಲಿ ಶೇಕಡಾ 45ರಿಂದ 70ರಷ್ಟು ಪಾಲು ವಿಟಮಿನ್ ಸಿ ಯದೇ ಎಂದು ಹೇಳಿದರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 2009ರಲ್ಲಿ ನಮ್ಮ ಬೆಂಗಳೂರಿನ ಸಾಮಿ ಲ್ಯಾಬ್ಸ್ ಸಂಸ್ಥೆಯ ವಿಜ್ಞಾನಿಗಳು ಈ ಹಣ್ಣನ್ನು ಮತ್ತೆ ಪರೀಕ್ಷೆಗೆ ಎತ್ತಿಕೊಂಡ ಪ್ರಬಂಧ ಪ್ರಕಟವಾಯಿತು. ಅವರು ಕಂಡದ್ದು ಇಷ್ಟು: ಹಳೆಯ ವಿಧಾನದಲ್ಲಿ ವಿಟಮಿನ್ ಸಿ ಎಂದು ಎಣಿಸುತ್ತಿದ್ದ ಶಿಖರದಲ್ಲಿ ಅದೊಂದೇ ಇರಲಿಲ್ಲ, ಮ್ಯೂಸಿಕ್ ಆಮ್ಲದ ಗ್ಯಾಲೇಟ್ ಎಂಬ ಇನ್ನೊಂದು ವಸ್ತು ಅದೇ ಹೊತ್ತಿಗೆ ಹೊರಬಂದು ಅದರೊಡನೆ ಬೆರೆತುಹೋಗುತ್ತಿತ್ತು. ಸಂತೆಯಿಂದ ಇಬ್ಬರೂ ಒಟ್ಟಿಗೆ ಬಂದಿದ್ದರು, ಎಣಿಸುವವರು ಒಬ್ಬನನ್ನೇ ಗುರುತಿಸಿದ್ದರು. ವಿಧಾನವನ್ನು ತಿದ್ದಿ ಬೇರ್ಪಡಿಸಿದಾಗ ವಿಟಮಿನ್ ಸಿ ಎಣಿಸಿದ್ದಕ್ಕಿಂತ ಕಡಿಮೆಯಾಯಿತು. ಬೀಟಾ ಗ್ಲುಕೊಗ್ಯಾಲಿನ್ ಮತ್ತು ಮ್ಯೂಸಿಕ್ ಆಮ್ಲದ ಗ್ಯಾಲೇಟುಗಳು ಮುಂದೆ ಬಂದವು. ಎಂಬ್ಲಿಕಾನಿನ್‌ಗಳ ಗುರುತೂ ಮರುಪರಿಶೀಲನೆಗೆ ಒಳಗಾಯಿತು.

ಇಬ್ಬರನ್ನು ಬೇರ್ಪಡಿಸಿ ಗುರುತಿಸುವುದು ಹೇಗೆಂದು ಕೇಳಬಹುದು. ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರ ಅಣುವನ್ನೇ ತಕ್ಕಡಿಗೆ ಹಾಕುತ್ತದೆ. ವಿಟಮಿನ್ ಸಿ ಯ ಅಣುತೂಕ 176; ಮ್ಯೂಸಿಕ್ ಆಮ್ಲದ ಒಂದು ಗ್ಯಾಲೇಟಿನದು 362. ವೇಷ ಒಂದೇ ಆದರೂ ತೂಕ ಸುಳ್ಳು ಹೇಳುವುದಿಲ್ಲ. ಅದರ ಮೇಲೆ ಎನ್.ಎಂ.ಆರ್. ಎಂಬ ಪರೀಕ್ಷೆ ಅಣುವಿನ ಒಳಗಿನ ಕಟ್ಟಡವನ್ನೇ, ಯಾವ ಪರಮಾಣು ಯಾವುದರ ಪಕ್ಕದಲ್ಲಿದೆ ಎಂಬುದನ್ನೇ ತೋರಿಸುತ್ತದೆ. ಆಸ್ಪತ್ರೆಯ ಎಂ.ಆರ್.ಐ. ಯಂತ್ರವೂ ಇದೇ ತತ್ತ್ವದ ಮೇಲೆ ನಡೆಯುತ್ತದೆ.

ಇದನ್ನು ಕೇಳಿ ನೆಲ್ಲಿಕಾಯಿ ಮೋಸ ಮಾಡಿತು ಎಂದುಕೊಳ್ಳಬೇಡಿ. ಕಾಯಿ ಅಂದಿದ್ದಂತೆಯೇ ಇದೆ. ಬದಲಾದದ್ದು ನಮ್ಮ ಲೆಕ್ಕ. ಅಷ್ಟು ಪರಿಚಿತವಾದ, ತುಳಸಿ ಪೂಜೆಗೆ ಕೊಂಬೆ ಮುರಿದು ತರುವ, ಉಪ್ಪಿನಕಾಯಿ ಹಾಕುವ ಕಾಯಿಯಲ್ಲಿ ಏನಿದೆ ಎಂದು ತಿಳಿಯಲು 1936ರಿಂದ 2009ರ ತನಕ ವಾದ ನಡೆಯಿತು. ಹೀಗಿರುವಾಗ ಹೆಸರೇ ಇಲ್ಲದ ಪುಡಿಯ ಡಬ್ಬಿಯೊಂದು ತಾನು ಎಲ್ಲವನ್ನೂ ಬಲ್ಲೆನೆಂದು ಚೀಟಿ ಅಂಟಿಸಿಕೊಂಡು ಬಂದರೆ ನಂಬುವುದು ಹೇಗೆ?

ಎರಡನೆಯ ಪ್ರಶ್ನೆ, ಎಷ್ಟಿದೆ ಎಂಬುದು. ಇದಕ್ಕೆ ಅರಿಶಿನವನ್ನು ತೆಗೆದುಕೊಳ್ಳೋಣ. ಚಾಮರಾಜನಗರದ ಕಡೆ ಅರಿಶಿನದ ಹೊಲಗಳನ್ನು ನೋಡಿದವರು ನಿಮ್ಮಲ್ಲಿ ಇರಬಹುದು. ಅದರ ಹಳದಿ ವಸ್ತುವನ್ನು 1815ರಲ್ಲಿ ಬೇರ್ಪಡಿಸಿ ಕರ್ಕ್ಯುಮಿನ್ ಎಂದು ಕರೆದರು. ಅದರ ರಚನೆ ತಿಳಿದದ್ದು 1910ರಲ್ಲಿ. ಅರಿಶಿನದಿಂದ ಗಾಯ ಮಾಯುತ್ತದೆಂದು ಅಮೆರಿಕದಲ್ಲಿ 1995ರಲ್ಲಿ ಕೊಟ್ಟ ಪೇಟೆಂಟನ್ನು ನಮ್ಮ ಸಿ.ಎಸ್.ಐ.ಆರ್. ಪ್ರಶ್ನಿಸಿ 1997ರಲ್ಲಿ ರದ್ದು ಮಾಡಿಸಿದ್ದು ನಿಮಗೆ ನೆನಪಿರಬಹುದು. ಅಂದು ನಾವೆಲ್ಲ ಹೆಮ್ಮೆಪಟ್ಟೆವು. ಹೆಮ್ಮೆಯ ಜೊತೆಗೆ ಲೆಕ್ಕವೂ ಇರಲಿ. ಒಣ ಅರಿಶಿನದಲ್ಲಿ ಕರ್ಕ್ಯುಮಿನ್ ಸುಮಾರು ಶೇಕಡಾ 3ರಷ್ಟು. ಇನ್ನು, ತಿಂದ ಕರ್ಕ್ಯುಮಿನ್‌ನಲ್ಲಿ ರಕ್ತಕ್ಕೆ ಸೇರುವುದು ತೀರ ಕಡಿಮೆ.

ಇಲ್ಲಿಯೂ ಬೆಂಗಳೂರಿನ ಒಂದು ಕೆಲಸ ಜಗತ್ತಿನ ಗಮನ ಸೆಳೆಯಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದವರು ಆರೋಗ್ಯವಂತ ಸ್ವಯಂಸೇವಕರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟು ನೋಡಿದರು. ರಕ್ತದಲ್ಲಿ ಕಂಡದ್ದು ಅತ್ಯಲ್ಪ. ಅದರ ಜೊತೆಗೆ ಕರಿಮೆಣಸಿನ ಖಾರದ ವಸ್ತುವಾದ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ರಕ್ತಕ್ಕೆ ದೊರಕಿದ ಪ್ರಮಾಣ ಸುಮಾರು ಇಪ್ಪತ್ತು ಪಟ್ಟು ಏರಿತು. 1998ರಲ್ಲಿ ಇದು ಪ್ರಕಟವಾಯಿತು. ಅರಿಶಿನದ ಹಾಲಿಗೆ ಮೆಣಸಿನ ಪುಡಿ ಚಿಮುಕಿಸುವ ನಮ್ಮ ಮನೆಯ ಪದ್ಧತಿ ನೆನಪಾಗಿ ಸಂತೋಷವಾಗುವುದು ಸಹಜ. ಆದರೆ 2 ಗ್ರಾಂ ಕರ್ಕ್ಯುಮಿನ್ ಬೇಕಾದರೆ ಸುಮಾರು 65 ಗ್ರಾಂ ಅರಿಶಿನದ ಪುಡಿ ಬೇಕು. ಒಂದು ಲೋಟ ಹಾಲಿಗೆ ಅಷ್ಟು ಹಾಕಿದರೆ ಕುಡಿಯುವವರು ಯಾರು? ಅಡುಗೆಯ ಅರಿಶಿನ ಬೇರೆ, ಕ್ಯಾಪ್ಸೂಲಿನ ಕರ್ಕ್ಯುಮಿನ್ ಬೇರೆ. ಪೈಪರಿನ್ ಕರ್ಕ್ಯುಮಿನ್ ಒಂದನ್ನೇ ಉಳಿಸಿಕೊಡುವುದಿಲ್ಲ ಎಂಬುದೂ ಗೊತ್ತಿರಲಿ; ನೀವು ತೆಗೆದುಕೊಳ್ಳುವ ಬೇರೆ ಮಾತ್ರೆಗಳನ್ನು ದೇಹ ವಿಲೇವಾರಿ ಮಾಡುವ ದಾರಿಯನ್ನೂ ಅದು ತಡೆಯಬಲ್ಲದು. ಸಾರಿನ ಮೆಣಸಿನಿಂದ ಹೆದರಬೇಕಾಗಿಲ್ಲ; ಗಟ್ಟಿ ಮಾಡಿದ ಸಾರದ ಕ್ಯಾಪ್ಸೂಲು ನುಂಗುವ ಮುನ್ನ ಮಾತ್ರ ವೈದ್ಯರಿಗೆ ಹೇಳಬೇಕು.

ನಾವು ಅನ್ನ ತಿನ್ನುತ್ತಿರುವ ಈ ನಾಡಿನಲ್ಲೂ ಮೂಲಿಕೆಯ ದೊಡ್ಡ ಪರಂಪರೆಯಿದೆ. ಇಲ್ಲಿಯ ಹಳೆಯ ಸೂಕುಗಳಲ್ಲಿ ಅತ್ತಾರರ ಅಂಗಡಿಗೆ ಕಾಲಿಟ್ಟರೆ ಊರಿನ ಗ್ರಂಧಿಗೆ ಅಂಗಡಿಗೆ ಹೋದಂತೆಯೇ ಆಗುತ್ತದೆ. ಹಬ್ಬತ್ ಸೌದಾ ಎಂಬ ಕಪ್ಪು ಬೀಜವಿಲ್ಲದ ಮನೆ ಇಲ್ಲಿ ಅಪರೂಪ. ಅದರ ಎಣ್ಣೆಯಲ್ಲಿರುವ ಥೈಮೊಕ್ವಿನೋನ್ ಮೇಲೆ ಅರಬ್ ದೇಶಗಳ ಪ್ರಯೋಗಾಲಯಗಳಲ್ಲಿ ಬಹಳ ಕೆಲಸ ನಡೆದಿದೆ. ನಮ್ಮಲ್ಲಿ ಅದನ್ನು ಕರಿಜೀರಿಗೆ ಎನ್ನುತ್ತೇವೆ. ಆದರೆ ಆ ಹೆಸರಿನಲ್ಲಿ ಬೇರೆ ಬೀಜಗಳೂ ಮಾರಾಟವಾಗುವುದರಿಂದ ಇಲ್ಲಿಯೂ ಬ್ರಾಹ್ಮಿಯ ಕಥೆಯೇ. ಇನ್ನು ನುಗ್ಗೆ. ಸೌದಿಯ ವಾಯವ್ಯದ ಅಲ್ ಉಲಾ ಕಡೆಯ ಬೆಟ್ಟಗಳಲ್ಲಿ ನಮ್ಮ ನುಗ್ಗೆಯ ಸೋದರಿಯಾದ ಮರವೊಂದು ಬೆಳೆಯುತ್ತದೆ. ಅರಬ್ಬಿಯಲ್ಲಿ ಬಾನ್ ಎನ್ನುತ್ತಾರೆ. ಅದರ ಬೀಜದ ಎಣ್ಣೆ ಬೇಗ ಕಮಟು ಹಿಡಿಯುವುದಿಲ್ಲವೆಂದು ಹಿಂದಿನಿಂದಲೂ ಸುಗಂಧ ತಯಾರಕರಿಗೆ ಅಚ್ಚುಮೆಚ್ಚು. ಬೆಣ್ಣೆ ಕಾಯಿಸುವಾಗ ನುಗ್ಗೆ ಸೊಪ್ಪು ಹಾಕುವ ನಮ್ಮ ಅಜ್ಜಿಗೂ, ಬಾನ್ ಎಣ್ಣೆಯನ್ನು ಕಾಯ್ದಿಡುವ ಇಲ್ಲಿಯ ಅಜ್ಜಿಗೂ ಭೇಟಿಯಾಗಿದ್ದರೆ ಮಾತು ಬಹಳ ಹೊತ್ತು ನಡೆಯುತ್ತಿತ್ತೆಂದು ತೋರುತ್ತದೆ. ರಿಯಾದಿನ ಕಿಂಗ್ ಸೌದ್ ವಿಶ್ವವಿದ್ಯಾಲಯದ ಫಾರ್ಮಸಿ ಕಾಲೇಜು 1959ರಷ್ಟು ಹಳೆಯದು. ಔಷಧಿ ಸಸ್ಯಗಳಿಗಾಗಿಯೇ ಅಲ್ಲಿ ಸಂಶೋಧನಾ ಕೇಂದ್ರವಿದೆ.

ಇನ್ನು ಮೂರನೆಯ ಪ್ರಶ್ನೆ. ದೇಹದೊಳಗೆ ಹೋಗಿ ಮಾಡುವುದೇನು? ಬಾಟಲಿಯಲ್ಲಿ ಬಣ್ಣ ಇಳಿಸಿದ ವಸ್ತು ನಮ್ಮ ದೇಹದಲ್ಲೂ ಹಾಗೆಯೇ ಕೆಲಸ ಮಾಡಬೇಕೆಂಬ ನಿಯಮವಿಲ್ಲ. ಹೊಟ್ಟೆಯ ಆಮ್ಲ, ಕರುಳು, ಪಿತ್ತಜನಕಾಂಗ ಇವೆಲ್ಲ ದಾಟಿ ಅದು ಬದಲಾಗಿಬಿಡುತ್ತದೆ. ಅಲ್ಲದೆ ಫ್ರೀ ರ‍್ಯಾಡಿಕಲ್‌ಗಳೆಲ್ಲ ಶತ್ರುಗಳೂ ಅಲ್ಲ. ನಮ್ಮ ಬಿಳಿ ರಕ್ತಕಣಗಳು ರೋಗಾಣುಗಳನ್ನು ಕೊಲ್ಲಲು ಅವುಗಳನ್ನೇ ಬಳಸುತ್ತವೆ.

ಇದಕ್ಕೆ ಕಣ್ಣು ತೆರೆಸುವ ಉದಾಹರಣೆ ಫಿನ್ಲೆಂಡಿನದು. ಕ್ಯಾರೆಟ್‌ನಲ್ಲಿರುವ ಬೀಟಾ ಕೆರೋಟಿನ್ ಹೆಸರಾಂತ ಉತ್ಕರ್ಷಣ ನಿರೋಧಕ. ತರಕಾರಿ ಹೆಚ್ಚು ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂದು ಕಂಡದ್ದರಿಂದ, ಧೂಮಪಾನಿಗಳಾದ 29,133 ಗಂಡಸರನ್ನು ಸೇರಿಸಿಕೊಂಡು ಅದರ ಮಾತ್ರೆಯನ್ನು ಪರೀಕ್ಷಿಸಿದರು. 1994ರಲ್ಲಿ ಫಲಿತಾಂಶ ಬಂದಾಗ ಎಲ್ಲರೂ ಬೆಚ್ಚಿದರು. ಬೀಟಾ ಕೆರೋಟಿನ್ ತೆಗೆದುಕೊಂಡವರಲ್ಲಿ ಕ್ಯಾನ್ಸರ್ ಕಡಿಮೆಯಾಗುವ ಬದಲು ಶೇಕಡಾ 18ರಷ್ಟು ಹೆಚ್ಚಾಗಿತ್ತು. ಅಮೆರಿಕದ ಇನ್ನೊಂದು ಪ್ರಯೋಗವನ್ನು ಇದೇ ಕಾರಣಕ್ಕೆ 1996ರಲ್ಲಿ ಅರ್ಧಕ್ಕೇ ನಿಲ್ಲಿಸಿದರು. ಕ್ಯಾರೆಟ್ ತಿನ್ನುವುದರಿಂದ ಯಾರಿಗೂ ಹೀಗಾಗಿಲ್ಲ. ಅದರೊಳಗಿನ ಒಂದೇ ವಸ್ತುವನ್ನು ಹೆಕ್ಕಿ, ದೊಡ್ಡ ಪ್ರಮಾಣದಲ್ಲಿ, ಧೂಮಪಾನಿಗಳಿಗೆ ಕೊಟ್ಟಾಗ ಆಯಿತು. ಆಹಾರಗಳ ಉತ್ಕರ್ಷಣ ನಿರೋಧಕ ಶಕ್ತಿಗೆ ಅಂಕ ಕೊಟ್ಟು ಅಮೆರಿಕದ ಕೃಷಿ ಇಲಾಖೆ ಒಂದು ಪಟ್ಟಿ ಮಾಡಿತ್ತು. ಆ ಅಂಕಗಳಿಗೂ ಮನುಷ್ಯನ ಆರೋಗ್ಯಕ್ಕೂ ನೇರ ಸಂಬಂಧವಿಲ್ಲ, ವ್ಯಾಪಾರಿಗಳು ಅವನ್ನು ದುರುಪಯೋಗ ಮಾಡುತ್ತಿದ್ದಾರೆ ಎಂದು 2012ರಲ್ಲಿ ಅವರೇ ಅದನ್ನು ಹಿಂತೆಗೆದುಕೊಂಡರು. ಡಬ್ಬಿಗಳ ಮೇಲೆ ಮಾತ್ರ ಆ ಅಂಕಗಳು ಈಗಲೂ ಕಾಣಸಿಗುತ್ತವೆ.

ಹಾಗಾದರೆ ನಾವೇನು ಮಾಡಬೇಕು? ನೆಲ್ಲಿಕಾಯಿ ಉಪ್ಪಿನಕಾಯಿ ತಿನ್ನಿ, ಒಂದೆಲಗದ ತಂಬುಳಿ ಮಾಡಿ, ಪುನರ್ಪುಳಿ ಸಾರು ಕುಡಿಯಿರಿ. ಅವು ನಮ್ಮ ಆಹಾರ. ತಲೆತಲಾಂತರದಿಂದ ಪ್ರಮಾಣ ಗೊತ್ತಿರುವಂಥವು. ಔಷಧಿ ಎಂದು ತೆಗೆದುಕೊಳ್ಳುವಾಗ ಮಾತ್ರ ಔಷಧಿಯಂತೆಯೇ ಕಾಣಿ. ಡಬ್ಬಿಯ ಮೇಲೆ ಗಿಡದ ಹೆಸರು, ಯಾವ ಭಾಗ, ಎಷ್ಟು, ತಯಾರಕರ ವಿಳಾಸ, ತಯಾರಾದ ದಿನಾಂಕ ಇವೆಯೇ ನೋಡಿ. ಇಲ್ಲಿ ಮಾರುವ ಪದಾರ್ಥವಾದರೆ, 2003ರಲ್ಲಿ ಸ್ಥಾಪನೆಯಾದ ಸೌದಿ ಆಹಾರ ಮತ್ತು ಔಷಧ ಪ್ರಾಧಿಕಾರದಲ್ಲಿ ನೋಂದಣಿಯಾಗಿದೆಯೇ ವಿಚಾರಿಸಿ. ಸಕ್ಕರೆ ಕಾಯಿಲೆಗೆಂದು ಮಾರುವ ಮೂಲಿಕೆ ಪುಡಿಗಳಲ್ಲಿ ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆಯ ಔಷಧಿಯನ್ನೇ ಕದ್ದು ಬೆರೆಸಿದ್ದು ಹಲವು ದೇಶಗಳಲ್ಲಿ ಪತ್ತೆಯಾಗಿದೆ. ಅರಿಶಿನಕ್ಕೆ ಹೊಳಪು ಬರಲೆಂದು ಸೀಸದ ಕ್ರೋಮೇಟ್ ಬೆರೆಸುವುದನ್ನು 2019ರಲ್ಲಿ ಪ್ರಕಟವಾದ ಬಾಂಗ್ಲಾದೇಶದ ಅಧ್ಯಯನವೊಂದು ಬಯಲಿಗೆಳೆಯಿತು. ಇಂಥವನ್ನು ಹಿಡಿಯುವುದು ರಾಸಾಯನಿಕ ವಿಶ್ಲೇಷಣೆಯೇ. ಊರಿನಿಂದ ಅರಿಶಿನ ತರುವವರು ಸಾಧ್ಯವಾದರೆ ಕೊಂಬನ್ನೇ ತಂದು ಇಲ್ಲಿ ಪುಡಿ ಮಾಡಿಕೊಳ್ಳಿ.

ಗಸಗಸೆಯನ್ನು ಮಾತ್ರ ಯಾರೂ ತರಬೇಡಿ. ನಮಗೆ ಅದು ಹಬ್ಬದ ಪಾಯಸ. ಇಲ್ಲಿಯ ಕಾನೂನಿಗೆ ಅದು ಅಫೀಮಿನ ಗಿಡದ ಬೀಜ. ಬೀಜದ ಮೇಲೆ ಅಂಟಿಕೊಂಡ ಲೇಶ ಮಾರ್ಫಿನನ್ನೂ ವಿಶ್ಲೇಷಣೆ ಪತ್ತೆ ಮಾಡಬಲ್ಲದು.

ಕೊನೆಯದಾಗಿ, ಆಸ್ಪತ್ರೆಗೆ ಹೋದಾಗ ನಾವು ಕುಡಿಯುವ ಕಷಾಯದ, ಪುಡಿಯ ವಿಷಯವನ್ನು ಡಾಕ್ಟರಿಗೆ ಹೇಳಲು ಸಂಕೋಚಪಡಬೇಡಿ. ನಗುತ್ತಾರೇನೋ ಎಂದು ಮುಚ್ಚಿಡುವವರೇ ಹೆಚ್ಚು. ನಮ್ಮ ಆ ಹಿರಿಯರೂ ಮುಚ್ಚಿಟ್ಟಿದ್ದರು. "ಮಾತ್ರೆ ಡಾಕ್ಟರದು, ಪುಡಿ ನಮ್ಮದು, ಅವರಿಗೇಕೆ ಹೇಳಬೇಕು?" ಎಂದು ಅವರು ನನಗೆ ಆಮೇಲೆ ಹೇಳಿದರು. ದೇಹಕ್ಕೆ ಈ ನಮ್ಮದು ತಮ್ಮದು ಗೊತ್ತಾಗುವುದಿಲ್ಲ.

ಸಂಘಕ್ಕೆ ನನ್ನದೊಂದು ಸಲಹೆಯಿದೆ. ರಜೆಯಲ್ಲಿ ಊರಿಗೆ ಹೋಗುವ ಮಕ್ಕಳು ಒಂದು ನೋಟುಪುಸ್ತಕ ಒಯ್ಯಲಿ. ಅಜ್ಜಿ ಅಂಗಳದಿಂದ ಕಿತ್ತು ತರುವ ಪ್ರತಿ ಸೊಪ್ಪಿನ ಹೆಸರನ್ನು ಕನ್ನಡದಲ್ಲೋ ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ಆಕೆ ಹೇಳಿದಂತೆಯೇ ಬರೆದುಕೊಳ್ಳಲಿ. ಪಕ್ಕದಲ್ಲಿ ಒಂದು ಎಲೆಯನ್ನು ಒತ್ತಿ ಅಂಟಿಸಲಿ. ಯಾವುದಕ್ಕೆ, ಎಷ್ಟು, ಹೇಗೆ ಎಂದು ಕೇಳಿ ಬರೆಯಲಿ. ಮುಂದೆ ಈ ಮಕ್ಕಳಲ್ಲಿ ಒಬ್ಬರು ಪ್ರಯೋಗಾಲಯದಲ್ಲಿ ಕುಳಿತು ಒಂದು ಶಿಖರವನ್ನು ನೋಡುತ್ತ ಇದು ಯಾರೆಂದು ಯೋಚಿಸುವ ದಿನ ಬರಬಹುದು. ಎಲೆಯೂ ಹೆಸರೂ ಕೈಯಲ್ಲಿಲ್ಲದಿದ್ದರೆ ಎಂಥ ಯಂತ್ರವಿದ್ದರೂ ಅವರು, ಅಂದು ಆಸ್ಪತ್ರೆಯಲ್ಲಿ ಡಬ್ಬಿ ಹಿಡಿದು ನಿಂತ ನನ್ನಂತೆಯೇ, ಸುಮ್ಮನೆ ನಿಲ್ಲಬೇಕಾದೀತು.

ಆ ಹಿರಿಯರು ಈಗ ಊರಿನಲ್ಲಿ ಕ್ಷೇಮವಾಗಿದ್ದಾರೆ. ಹಿತ್ತಲಿನಲ್ಲಿ ಒಂದು ನೆಲ್ಲಿಗಿಡ ನೆಟ್ಟಿದ್ದೇನೆಂದು ಹೋದ ಸಲ ಫೋನು ಮಾಡಿದಾಗ ಹೇಳಿದರು. "ಕಾಯಿ ಬಿಟ್ಟರೆ ಕಳಿಸುತ್ತೇನೆ, ಅದರಲ್ಲಿ ಏನಿದೆ ನೋಡಿ ಹೇಳು ಮಾರಾಯ" ಎಂದು ನಕ್ಕರು. ಕಳಿಸಿದರೆ ನಾನು ಅದನ್ನು ಪರೀಕ್ಷೆಗೆ ಒಯ್ಯುವುದಿಲ್ಲ, ಉಪ್ಪಿನಕಾಯಿ ಹಾಕುತ್ತೇನೆ. ನಿಮಗೂ ಒಂದೊಂದು ಹೋಳು ತಂದುಕೊಡುತ್ತೇನೆ.

ಸಂಘ ನೂರ್ಕಾಲ ಬಾಳಲಿ.

ಸಿರಿಗನ್ನಡಂ ಗೆಲ್ಗೆ.